ಗೋಡೆ ಕುಸಿದರೆ ನೋಟೀಸು ಯಾರಿಗೆ?

ಪುರಸಭೆಯ ಜವಾನ ಬರುತ್ತಾನೆ, ಗೋಡೆಗೆ ಕಾಗದ ಅಂಟಿಸಿ ಹೋಗುತ್ತಾನೆ. ಕಟ್ಟಡ ಶಿಥಿಲವಾಗಿದೆ, ಸಾರ್ವಜನಿಕರ ಪ್ರಾಣಕ್ಕೆ ಅಪಾಯ, ಕೂಡಲೇ ದುರಸ್ತಿ ಮಾಡಿ ಇಲ್ಲವೇ ಖಾಲಿ ಮಾಡಿ! ಓದುವವರು ಯಾರು? ಒಳಗೆ ಬೀಡಿ ಕಟ್ಟುತ್ತ ಕುಳಿತ ಬಾಡಿಗೆಯ ಹೆಂಗಸು. ಮನೆಯ ಒಡೆಯ ಬೆಂಗಳೂರಿನಲ್ಲಿದ್ದಾನೆ. ಅವನಿಗೆ ತಿಂಗಳ ಬಾಡಿಗೆ ತಪ್ಪದೆ ಮುಟ್ಟುತ್ತದೆ, ನೋಟೀಸು ಮಾತ್ರ ಮುಟ್ಟುವುದಿಲ್ಲ.

1964ರ ಪುರಸಭೆಗಳ ಕಾಯ್ದೆಯನ್ನು ಬಿಡಿಸಿ ನೋಡಿ. ಇಂಥ ಕಡೆಗಳಲ್ಲಿ ‘ಮಾಲೀಕ ಅಥವಾ ಅನುಭೋಗದಾರ’ ಎಂದಿದೆ. ‘ಅಥವಾ’ ಎಂಬ ಈ ಮೂರಕ್ಷರದಲ್ಲಿ ಉಳ್ಳವನು ನುಸುಳಿಕೊಳ್ಳುತ್ತಾನೆ, ಇಲ್ಲದವನು ಸಿಕ್ಕಿಬೀಳುತ್ತಾನೆ. ಅಧಿಕಾರಿಗೂ ಇದೇ ಅನುಕೂಲ. ಬಾಡಿಗೆದಾರ ಕೈಗೆ ಸಿಗುತ್ತಾನೆ, ವಕೀಲನನ್ನು ಕರೆತರುವುದಿಲ್ಲ.

ಇನ್ನು 1999ರ ಬಾಡಿಗೆ ಕಾಯ್ದೆ. ಮನೆ ವಾಸಕ್ಕೆ ಅಯೋಗ್ಯವಾಗಿದೆ, ದುರಸ್ತಿಗೆ ಬೇಕು ಎಂಬುದು ಅದರಲ್ಲಿ ಬಾಡಿಗೆದಾರನನ್ನು ಎಬ್ಬಿಸಲು ಒಪ್ಪಿದ ಕಾರಣಗಳಲ್ಲೊಂದು. ಇಪ್ಪತ್ತು ವರ್ಷ ಒಂದು ಹೆಂಚನ್ನೂ ಬದಲಿಸದೆ ಮನೆಯನ್ನು ಕೊಳೆಯಿಸಿದವನು ಕೊನೆಗೆ ಆ ಕೊಳೆತ ತೊಲೆಯನ್ನೇ ಸಾಕ್ಷಿಯಾಗಿ ತಂದು ನಿಲ್ಲಿಸುತ್ತಾನೆ. ಮಾಡಿದ ತಪ್ಪಿಗೆ ದಂಡವಿಲ್ಲ, ಖಾಲಿ ನಿವೇಶನದ ಬಹುಮಾನ!

ಅದೇ ಬೀದಿಯಲ್ಲಿ ನಾಲ್ಕು ಹೆಜ್ಜೆ ಮುಂದೆ ಹೋಗಿ. ಬೆಲೆ ಏರಲೆಂದು ಕಾದಿಟ್ಟ ನಿವೇಶನ. ಆಳೆತ್ತರ ಪಾರ್ಥೇನಿಯಂ (ಕಾಂಗ್ರೆಸ್ ಗಿಡ ಎಂದು ಹೆಸರಿಟ್ಟವರು ರೈತರು, ನಾವಲ್ಲ), ಒಡೆದ ಬಾಟಲಿ, ಸತ್ತ ನಾಯಿ, ಸೊಳ್ಳೆ. ಮಾಲೀಕ ಮಾಡದ ಕೆಲಸವನ್ನು ಪುರಸಭೆ ತಾನೇ ಮಾಡಿಸಿ ಖರ್ಚನ್ನು ಅವನಿಂದ ವಸೂಲು ಮಾಡಬಹುದು. ಕಾನೂನಿನ ಈ ಹಲ್ಲು ಗುಡಿಸಲಿಗೆ ಮಾತ್ರ ಕಚ್ಚುವುದೇಕೆ?

ತಗ್ಗು, ಕೊಳಕು, ಕಿಕ್ಕಿರಿದ ಜಾಗವನ್ನು ಕೊಳಚೆ ಪ್ರದೇಶವೆಂದು ಸಾರಲು 1973ರ ಕಾಯ್ದೆ ಇದೆ. ಅದರ ಹೆಸರಿನಲ್ಲಿ ಮೊದಲು ‘ಅಭಿವೃದ್ಧಿ’, ಆಮೇಲೆ ‘ನಿರ್ಮೂಲನ’. ನಮ್ಮ ಆಡಳಿತಗಾರರು ಇದನ್ನು ಹಿಂದಿನಿಂದ ಮುಂದಕ್ಕೆ ಓದುತ್ತಾರೆ. ಚರಂಡಿಯಿಲ್ಲದ, ನಲ್ಲಿಯಿಲ್ಲದ ಕೇರಿ ಕೊಳಕಾಗಿದ್ದರೆ ಅದಕ್ಕೆ ಮೊದಲ ನೋಟೀಸು ಪುರಸಭೆಗೇ ಹೋಗಬೇಕಲ್ಲವೆ?

ಬಡವರ ಮನೆ ಬಿದ್ದು ಸಾಯಲಿ ಎಂದು ನಾವು ಹೇಳುತ್ತಿಲ್ಲ. ಮಳೆಗಾಲದಲ್ಲಿ ಮಣ್ಣಿನ ಗೋಡೆ ಮಕ್ಕಳ ಮೇಲೆ ಕುಸಿದ ಸುದ್ದಿ ಯಾವ ವರ್ಷ ತಪ್ಪಿದೆ? ದುರಸ್ತಿ ಆಗಲೇಬೇಕು. ಆದರೆ ನೋಟೀಸು ಒಡೆಯನ ಹೆಸರಿಗೆ, ಅವನ ವಿಳಾಸಕ್ಕೆ ಹೋಗಲಿ. ಅವನು ಮಾಡದಿದ್ದರೆ ಪುರಸಭೆ ಮಾಡಿಸಿ ಅವನಿಂದಲೇ ವಸೂಲು ಮಾಡಲಿ. ಕೆಡವುವುದು ಅನಿವಾರ್ಯವಾದರೆ, ಹೊಸ ಮನೆ ಎದ್ದ ಮೇಲೆ ಹಳೆಯ ಬಾಡಿಗೆದಾರನೇ ಒಳಹೋಗುವಂತೆ ಮೊದಲು ಕಾಗದ ಬರೆಸಿಕೊಳ್ಳಲಿ. ಮಾನ್ಯ ಸದಸ್ಯರೇ, ಮುಂದಿನ ಸಭೆಯಲ್ಲಿ ಇದನ್ನು ಠರಾವಾಗಿ ಮಂಡಿಸುವವರು ನಿಮ್ಮಲ್ಲಿ ಯಾರಿದ್ದೀರಿ?