ಗಂಡ ಅಮೆರಿಕದ ಪ್ರಜೆ, ಹೆಂಡತಿ?

ಅಮೆರಿಕದ ಪ್ರಜೆಯನ್ನು ಮದುವೆಯಾದ ಮಾತ್ರಕ್ಕೆ ಹುಡುಗಿ ಅಲ್ಲಿನ ಪ್ರಜೆಯಾಗುವುದಿಲ್ಲ. ವರ ಪ್ರಜೆಯೋ, ಗ್ರೀನ್ ಕಾರ್ಡ್ ಇರುವವನೋ, ಕೆಲಸದ ವೀಸಾದ ಮೇಲೆ ಹೋದವನೋ ಎಂಬುದನ್ನು ಹೆತ್ತವರು ಜಾತಕ ನೋಡುವುದಕ್ಕೂ ಮೊದಲೇ ಕೇಳಿ ತಿಳಿಯಬೇಕು. ಪ್ರಜೆಯ ಪತ್ನಿಯಾದರೆ ವಲಸೆ ವೀಸಾಕ್ಕೆ ವಾರ್ಷಿಕ ಮಿತಿಯ ಸರದಿ ಕಾಯಬೇಕಿಲ್ಲ. ಹೆಂಡತಿ ಪ್ರಜೆಯಾಗಿದ್ದು ಗಂಡ ಹೋಗುವುದಿದ್ದರೂ ನಿಯಮ ಇದೇ.

ಗಂಡ ಅಲ್ಲಿ ಸಲ್ಲಿಸಿದ ಐ-130 ಅರ್ಜಿ ಮಂಜೂರಾಗಿ, ಶುಲ್ಕ, ದಾಖಲೆಗಳ ಕೆಲಸ ಮುಗಿದ ಮೇಲೆ ಹೆಂಡತಿಗೆ ಸಂದರ್ಶನದ ಕರೆ ಬರುತ್ತದೆ. ಕರ್ನಾಟಕದವರು ಇದಕ್ಕೆ ಮುಂಬೈಯ ಅಮೆರಿಕನ್ ಕಾನ್ಸುಲೇಟಿಗೆ ಹೋಗಬೇಕು. ಗೊತ್ತುಪಡಿಸಿದ ವೈದ್ಯರಿಂದ ತಪಾಸಣೆ ಮೊದಲೇ ಆಗಿರಬೇಕು. ಸಂಬಂಧ ಹೇಗೆ ಕುದುರಿತು, ಮದುವೆಗೆ ಯಾರು ಯಾರು ಬಂದಿದ್ದರು, ಆತನ ಕೆಲಸವೇನು, ಹಿಂದೆ ಮದುವೆಯಾಗಿತ್ತೇ ಎಂಬಂಥ ಪ್ರಶ್ನೆಗಳು ಬರುತ್ತವೆ. ಮದುವೆ ನಿಜವಾದದ್ದೇ ಎಂಬುದನ್ನು ಅಧಿಕಾರಿ ನೋಡುತ್ತಾರೆ. ಹಿರಿಯರು ಕೂಡಿಸಿದ ಮದುವೆಯಲ್ಲಿ ಹಳೆಯ ಪ್ರೇಮಪತ್ರಗಳು ಇರುವುದಿಲ್ಲ. ಅದಕ್ಕಾಗಿ ಕಥೆ ಕಟ್ಟಬೇಕಾಗಿಲ್ಲ. ನೋಂದಣಿ ಪತ್ರ, ಲಗ್ನಪತ್ರಿಕೆ, ಛತ್ರದ ಫೋಟೋಗಳು, ಇಬ್ಬರ ನಡುವಿನ ಕರೆ, ಪತ್ರಗಳ ದಾಖಲೆ ಸಾಕಷ್ಟು ಮಾತಾಡುತ್ತವೆ. ಉತ್ತರ ಬಾಯಿಪಾಠ ಮಾಡಿಸಿ ಕಳಿಸುವ ಏಜೆಂಟರನ್ನು ದೂರವಿಡುವುದು ಲೇಸು. ಮುಖ್ಯ ವಿಷಯದಲ್ಲಿ ಸುಳ್ಳು ಹೇಳಿದ್ದು ಗೊತ್ತಾದರೆ ಅಮೆರಿಕದ ಬಾಗಿಲು ಶಾಶ್ವತವಾಗಿ ಮುಚ್ಚಬಹುದು.

ವೀಸಾ ಸಿಕ್ಕಿತೆಂದು ಊರಿಗೆಲ್ಲ ಸಿಹಿ ಹಂಚುವವರು ಒಂದು ಲೆಕ್ಕ ಹಾಕಬೇಕು. ಅಮೆರಿಕದಲ್ಲಿ ಕಾಲಿಡುವ ದಿನ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಆಕೆಗೆ ಸಿಗುವುದು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಕಾಗದದ ಮೇಲಷ್ಟೇ ನಡೆಯುವ ಮದುವೆಗಳನ್ನು ತಡೆಯಲು 1986ರಲ್ಲಿ ತಂದ ಕಾನೂನು ಇದು. ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಗಂಡ-ಹೆಂಡಿರಿಬ್ಬರೂ ಸಹಿ ಹಾಕಿ ಐ-751 ಅರ್ಜಿ ಸಲ್ಲಿಸಬೇಕು.

ಆ ಸಹಿಯೇ ಕೆಲವು ಮನೆಗಳಲ್ಲಿ ಚಾಟಿಯಾಗುತ್ತದೆ. ‘ಸಹಿ ಹಾಕುವುದಿಲ್ಲ, ಊರಿಗೆ ಕಳಿಸುತ್ತೇನೆ’ ಎಂಬ ಬೆದರಿಕೆಗೆ ಹೆದರಿ ಹೊಡೆತ ಸಹಿಸಬೇಕಾಗಿಲ್ಲ. ಪ್ರಾಮಾಣಿಕವಾಗಿ ಆದ ಮದುವೆ ವಿಚ್ಛೇದನದಲ್ಲಿ ಮುಗಿದಿದ್ದರೆ ಆಕೆ ಒಬ್ಬಳೇ ಅರ್ಜಿ ಹಾಕಬಹುದು. ಹಿಂಸೆಗೊಳಗಾದವರಿಗೂ 1990ರ ತಿದ್ದುಪಡಿ ಈ ದಾರಿ ತೆರೆಯಿತು. ಅವರು 90 ದಿನಗಳ ಗಡುವಿಗೆ ಕಾಯಬೇಕಿಲ್ಲ. ಇನ್ನೊಂದು ವಿಷಯ ಅನೇಕರಿಗೆ ತಿಳಿಯದು: ಹೆಂಡತಿಯನ್ನು ಪೋಷಿಸುತ್ತೇನೆಂದು ಗಂಡ ಸರ್ಕಾರಕ್ಕೆ ಬರೆದುಕೊಟ್ಟ ಐ-864 ಮುಚ್ಚಳಿಕೆ ವಿಚ್ಛೇದನದಿಂದ ರದ್ದಾಗುವುದಿಲ್ಲ. ಆದ್ದರಿಂದ ಪಾಸ್‌ಪೋರ್ಟು, ಗ್ರೀನ್ ಕಾರ್ಡು, ಪದವಿ ಪತ್ರಗಳು ಮಗಳ ಕೈಯಲ್ಲೇ ಇರಲಿ. ಅವುಗಳ ನಕಲು ತವರಿನಲ್ಲೂ ಇರಲಿ. ಬ್ಯಾಂಕಿನ ಖಾತೆ, ಬಾಡಿಗೆ ಕರಾರುಗಳಲ್ಲಿ ಆಕೆಯ ಹೆಸರೂ ಸೇರಿದರೆ ಮುಂದೆ ಅದೇ ಸಾಕ್ಷಿ.

ಪೌರತ್ವಕ್ಕೆ ಸಾಮಾನ್ಯರು ಗ್ರೀನ್ ಕಾರ್ಡ್ ಪಡೆದ ಮೇಲೆ ಐದು ವರ್ಷ ಕಾಯಬೇಕು. ಪ್ರಜೆಯಾದ ಪತಿಯೊಂದಿಗೆ ಬಾಳುತ್ತಿರುವವಳಿಗೆ ಮೂರೇ ವರ್ಷ. ಷರತ್ತಿನ ಎರಡು ವರ್ಷವೂ ಇದರಲ್ಲಿ ಸೇರುತ್ತದೆ. ಆದರೆ ಅದರಲ್ಲಿ ಕನಿಷ್ಠ 18 ತಿಂಗಳು ಅಮೆರಿಕದ ನೆಲದಲ್ಲೇ ಇದ್ದಿರಬೇಕು. ಬಾಣಂತನಕ್ಕೆಂದು ತವರಿಗೆ ಬಂದು ವರ್ಷಗಟ್ಟಲೆ ಕೂರುವವರು ಗಮನಿಸಲಿ. ಎನ್-400 ಅರ್ಜಿಯ ನಂತರ ಮತ್ತೊಂದು ಸಂದರ್ಶನ. ಅಲ್ಲಿ ಇಂಗ್ಲಿಷ್ ಓದಿ, ಬರೆದು ತೋರಿಸಬೇಕು. ಅಮೆರಿಕದ ಚರಿತ್ರೆ, ಆಡಳಿತ ತಿಳಿದಿರಬೇಕು. 2025ರ ಅಕ್ಟೋಬರ್ 20ರಿಂದ ಸಲ್ಲಿಸಿದ ಅರ್ಜಿಗಳಿಗೆ 128 ಪ್ರಶ್ನೆಗಳ ಪಟ್ಟಿಯಿಂದ 20ನ್ನು ಆರಿಸಲಾಗುತ್ತದೆ. 12ಕ್ಕೆ ಸರಿಯುತ್ತರ ಬೇಕು. ಇದನ್ನಂತೂ ಬಾಯಿಪಾಠ ಮಾಡಬಹುದು.

ಪ್ರಮಾಣವಚನ ಸ್ವೀಕರಿಸಿದೊಡನೆ, 1955ರ ಪೌರತ್ವ ಕಾಯಿದೆಯಂತೆ ಭಾರತದ ಪೌರತ್ವ ಹೋಗುತ್ತದೆ. ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿ ಸಾಗರೋತ್ತರ ಭಾರತೀಯರ ಕಾರ್ಡಿಗೆ ಅರ್ಜಿ ಹಾಕಬಹುದು. ಆ ಕಾರ್ಡಿದ್ದವರು ವೀಸಾ ಇಲ್ಲದೆ ಬಂದು ಹೋಗಬಹುದು. ಇಲ್ಲಿ ಮತ ಹಾಕುವಂತಿಲ್ಲ. ಅಪ್ಪನ ಅಡಿಕೆ ತೋಟ ವಾರಸಿನಿಂದ ಬಂದರೆ ಇಟ್ಟುಕೊಳ್ಳಬಹುದು, ಪಕ್ಕದ ಗದ್ದೆಯನ್ನು ಕೊಳ್ಳುವಂತಿಲ್ಲ.