ಹಳೇ ಸೀರೆಗೆ ಹೊಸ ಮಷೀನು ಯಾಕೆ?

ಅವ್ವ ಹೋದ ಮೇಲೆ ಉಳಿದ ನಾಲ್ಕು ಸೀರೆಗಳಿಂದ ಕೌದಿ ಮಾಡೋಣ ಅಂತ ಕೂತೆ. ಮನೇಲಿರೋ ಸಾದಾ ಮಷೀನು. ಬಟ್ಟೆಯನ್ನು ಕೈಯಲ್ಲೇ ಬೇಕಾದ ಕಡೆ ತಿರುಗಿಸುತ್ತಾ ಬಳ್ಳಿ ಬಿಡಿಸುವ ಫ್ರೀ-ಮೋಷನ್ ಹೊಲಿಗೆ. ಐದೇ ನಿಮಿಷಕ್ಕೆ ಅಡಿಯಲ್ಲಿ ದಾರದ ಗೂಡು! ಅಂಗಡಿಯವರದು ಒಂದೇ ಮಾತು: "ಇದರಲ್ಲಿ ಆಗಲ್ಲ ಮೇಡಂ, ಹೊಸದು ತಗೊಳ್ಳಿ."

ಈ ಮಾತಿಗೇ ನನ್ನ ತಕರಾರು. ಫೋನಿನಿಂದ ಹಿಡಿದು ಎಲ್ಲಕ್ಕೂ ನಾವು ಕಲಿತಿರೋ ಮದ್ದು ಅಪ್‌ಗ್ರೇಡ್ ಒಂದೇ.

ಗೂಡು ಅಡಿಯಲ್ಲಿ ಕಂಡರೆ ಬಾಬಿನ್ನನ್ನು ಬೈತೀವಿ. ಸಾಮಾನ್ಯವಾಗಿ ಕಳ್ಳ ಮೇಲಿನ ದಾರ. ಫೂಟ್ ಇಳಿಸಿಟ್ಟು ದಾರ ಪೋಣಿಸಿದರೆ ಟೆನ್ಶನ್ ಬಿಲ್ಲೆಗಳು ಬಿಗಿದಿರುತ್ತವೆ, ದಾರ ನಡುವೆ ಕೂರಲ್ಲ. ಎತ್ತಿ ಪೋಣಿಸಿ, ಇಳಿಸಿ ಹೊಲೀರಿ. ಡಾರ್ನಿಂಗ್ ಫೂಟ್ ಇಳಿಸಿದರೂ ಬಟ್ಟೆಯನ್ನು ಒತ್ತಿ ಹಿಡಿಯಲ್ಲ. ಅದಕ್ಕೇ ಇಳಿಸೋದು ಮರೆತುಹೋಗುತ್ತೆ. ಬಟ್ಟೆ ಎಳೆಯುವ ಹಲ್ಲುಗಳನ್ನು ತಗ್ಗಿಸಿ. ತಿರುವುಗಳಲ್ಲಿ ಮಾತ್ರ ಹಿಂಬದಿಗೆ ರೆಪ್ಪೆಗೂದಲಿನಂತೆ ದಾರ ಎದ್ದರೆ, ಅವಸರ ನಿಮ್ಮ ಕೈಯದು. ದಾರ ಪದೇ ಪದೇ ಹರಿದರೆ 90/14ರ ಹೊಸ ಸೂಜಿ ಹಾಕಿ ನೋಡಿ.

ಒಳಗಿನ ಭಾಗ ಸವೆದಿದ್ದರೆ ಮೆಕ್ಯಾನಿಕ್ ಬೇಕು, ಒಪ್ತೀನಿ. ಆದರೆ ಅದು ಕೊನೇ ಅನುಮಾನ ಆಗಬೇಕು, ಮೊದಲನೆಯದಲ್ಲ.

ನನ್ನ ಮಷೀನಿಗೆ ಆಗಿದ್ದೇನು? ನಾನು ಫೂಟ್ ಇಳಿಸಿರಲಿಲ್ಲ, ಅಷ್ಟೇ. ಖರ್ಚು ಸೊನ್ನೆ.

ಹಳೇದನ್ನು ಎಸೆಯದವರ ಮನೆಯಲ್ಲೇ ಕೌದಿ ಹುಟ್ಟಿದ್ದು. ಅವ್ವನ ಸೀರೆ ಉಳಿಸೋಕೆ ಚೆನ್ನಾಗಿರೋ ಮಷೀನನ್ನು ಗುಜರಿಗೆ ಹಾಕಿದ್ದರೆ, ಆ ಕೌದಿ ಹೊದ್ದು ನನಗೆ ನಿದ್ದೆ ಬರ್ತಿತ್ತಾ?