‘ಮೊದಲು’ ಎಂಬ ಮಾತಿನ ಭಾರ

“ರಸ್ತೆಯ ಬದಿಯ ಚರಿತ್ರೆ-ಫಲಕದಲ್ಲಿ ವಾದಕ್ಕೆಲ್ಲಿದೆ ಎಡೆ? ಒಂದು ಇಸವಿ, ಒಂದೆರಡು ಹೆಸರು, ಅಷ್ಟೇ ತಾನೆ!” ಎಂದು ಅಮೆರಿಕವನ್ನು ಸುತ್ತಿ ಬಂದ ಮಿತ್ರರೊಬ್ಬರು ಉದ್ಗರಿಸಿದರು. ನನಗಾದರೋ ಇದು ಸರಿತೋರಲಿಲ್ಲ. ನಾಲ್ಕೇ ಪಂಕ್ತಿಗಳಲ್ಲಿ ಒಂದು ನೆಲದ ಕಥೆಯನ್ನು ಹೇಳಹೊರಟವನು ಅದನ್ನು ಎಲ್ಲಿಂದ ಆರಂಭಿಸಬೇಕೆಂದು ನಿಶ್ಚಯಿಸಿದ ಕ್ಷಣದಲ್ಲಿಯೇ ತನ್ನ ವಾದವನ್ನು ಮುಗಿಸಿಬಿಟ್ಟಿರುತ್ತಾನೆ.

ಅಪಲಾಚಿಯನ್ ಪರ್ವತಗಳ ಮಡಿಲಲ್ಲಿ, ವೆಸ್ಟ್ ವರ್ಜೀನಿಯ ರಾಜ್ಯದಲ್ಲಿ, ಪೊಕಹಾಂಟಸ್ ಎಂಬ ಕೌಂಟಿಯಿದೆ. ಅದರ ಮಾರ್ಲಿಂಟನ್ ಊರಿನ ಕಥೆಯನ್ನು, ಅಲ್ಲಿಯ ಫಲಕದಲ್ಲಿಯೂ, ‘ಮೊದಲ’ ನೆಲಸಿಗರು ಬಂದ 1749ರಿಂದ ತೊಡಗಿಸುವುದು ವಾಡಿಕೆ. ಆ ವರ್ಷ ಜೇಕಬ್ ಮಾರ್ಲಿನ್, ಸ್ಟೀಫನ್ ಸ್ಯೂಯೆಲ್ ಎಂಬಿಬ್ಬರು ಗ್ರೀನ್‌ಬ್ರಯರ್ ನದಿಯ ಬಳಿ ದಿಮ್ಮಿಗಳಿಂದೊಂದು ಗುಡಿಸಲನ್ನು ಕಟ್ಟಿದರು. 1751ರಲ್ಲಿ ಭೂಮಾಪಕ ಆಂಡ್ರೂ ಲೂಯಿಸ್ ಅಲ್ಲಿಗೆ ಬಂದಾಗ ಒಬ್ಬನು ಗುಡಿಸಲಿನಲ್ಲಿಯೂ ಇನ್ನೊಬ್ಬನು ಹತ್ತಿರದ ಪೊಟರೆಬಿದ್ದ ಸಿಕಮೋರ್ ಮರದೊಳಗೂ ವಾಸವಾಗಿದ್ದರು. ಕಾರಣ ಮತಭೇದ! ಪ್ರತಿದಿನ ಬೆಳಗ್ಗೆ ಇಬ್ಬರೂ ಹೊರಬಂದು, ಪರಸ್ಪರ ಗೌರವದಿಂದ ವಂದಿಸಿ, ಮತ್ತೆ ಮಾತಿಲ್ಲದೆ ದಿನ ಕಳೆಯುತ್ತಿದ್ದರೆಂದು ಪ್ರತೀತಿ. ಎಣೆಯಿಲ್ಲದ ಅರಣ್ಯವೂ ಎರಡು ಪಂಥಗಳಿಗೆ ಸಾಲದೆ ಹೋಯಿತಲ್ಲ ಎಂದು ನಾನು ಈ ಕಥೆಯನ್ನು ಎಷ್ಟೋ ಸಲ ಮನಸ್ಸಿನಲ್ಲಿ ಮೆಲುಕು ಹಾಕಿದ್ದೇನೆ. ನಾಗರಿಕತೆಯ ಆರಂಭವೆಂದರೆ ಇದಲ್ಲದೆ ಮತ್ತೇನು?

ಆದರೆ ಅದು ಯಾವುದರ ಆರಂಭ? ಲೂಯಿಸನು ಸರಪಣಿ ಹಿಡಿದು ಬಂದದ್ದು ವನವಿಹಾರಕ್ಕಲ್ಲ. 1745ರಲ್ಲಿ ಗ್ರೀನ್‌ಬ್ರಯರ್ ಕಂಪನಿಗೆ 1,00,000 ಎಕರೆ ದತ್ತವಾಗಿದ್ದುದರಿಂದ. ‘ಮೊದಲು’ ಎಂಬುದು ಕಾಲವನ್ನು ಸೂಚಿಸುವ ಪದದಂತೆ ತೋರಿದರೂ, ಅಳೆದು ಹಂಚುವ ಸಂದರ್ಭದಲ್ಲಿ ಅದು ಒಡೆತನದ ಪದ.

ಇದಕ್ಕೆ ಗೌರವಾರ್ಹವಾದ ಆಕ್ಷೇಪವೊಂದುಂಟು. ಲೋಹದ ಹಲಗೆಯಲ್ಲಿ ಸ್ಥಳ ಕಿರಿದು. ‘ಮೊದಲಿಗರು’ ಎಂದರೆ ಐರೋಪ್ಯರಲ್ಲಿ ಮೊದಲಿಗರೆಂದು ಬಲ್ಲವರು ಅರಿಯುತ್ತಾರೆ. ಫಲಕವಿಲ್ಲದಿದ್ದರೆ ಆ ಬೆಟ್ಟನಾಡಿನ ಬಡ ರೈತರ ಶ್ರಮದ ನೆನಪೂ ಅಳಿದುಹೋಗುತ್ತಿತ್ತು. ಇದೆಲ್ಲ ನಿಜ. ಆದರೆ ಬಲ್ಲವರಿಗೆ ಫಲಕವೇ ಬೇಕಿಲ್ಲ. ಅದನ್ನು ನೆಟ್ಟಿರುವುದು ಅರಿಯದವರಿಗಾಗಿ, ಮತ್ತು ಅರಿಯದವರ ಕಣ್ಣಿಗೆ ಬೀಳುವುದು ‘ಮೊದಲು’ ಎಂಬ ಮಾತೊಂದೇ. ಇನ್ನು ಫಲಕಗಳನ್ನೆಲ್ಲ ಕಿತ್ತೆಸೆಯಿರೆಂಬವರಿಗೆ ಒಂದೇ ಉತ್ತರ: ಮರೆವು ನ್ಯಾಯವಲ್ಲ.

ವಿಪರ್ಯಾಸವನ್ನು ಗಮನಿಸಿ. 1821ರಲ್ಲಿ ರಚಿತವಾದ ಈ ಕೌಂಟಿ ಧರಿಸಿರುವ ಹೆಸರು ದೂರದ ಕರಾವಳಿಯ ಪೌಹಟನ್ ಎಂಬ ಮೂಲನಿವಾಸಿ ಜನಾಂಗದ ಹೆಣ್ಣುಮಗಳೊಬ್ಬಳದು; ಆಕೆ ಇಂಗ್ಲೆಂಡಿನಲ್ಲಿ ಮಡಿದದ್ದು 1617ರಲ್ಲಿ, ಗುಡಿಸಲೇಳುವುದಕ್ಕೆ 132 ವರ್ಷಗಳ ಹಿಂದೆ. ಮಾರ್ಲಿಂಟನ್ ಮೂಲಕ ಹಾಯುವ 219ನೆಯ ಹೆದ್ದಾರಿಗೂ ‘ಸೆನೆಕಾ ಟ್ರೇಲ್’ ಎಂದೇ ಹೆಸರು. ಮೂಲನಿವಾಸಿಗಳು ತಲೆಮಾರುಗಳ ಕಾಲ ತುಳಿದು ಸವೆಸಿದ ಹಾದಿಯ ನೆನಪು ಅದು. ಹೆಸರಿನಲ್ಲಿ ಉಳಿಸಿಕೊಂಡವರನ್ನು ಕಥೆಯಿಂದ ಹೊರಗಿಡುವುದು ಯಾವ ನೀತಿ?

ಆದುದರಿಂದ ಫಲಕ ಅಲ್ಲಿಯೇ ಇರಲಿ, ಸಿಕಮೋರ್ ಮರದ ಕಥೆಯೂ ಇರಲಿ. ಆದರೆ ಅದನ್ನು ಓದಲೆಂದು ಆ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಇಳಿದವನಿಗೆ, ತಾನು ಬಂದ ದಾರಿ ಯಾರದೆಂದು ತಿಳಿಸುವ ಇನ್ನೊಂದು ಪಂಕ್ತಿಯೂ ಅದರಲ್ಲಿರಲಿ.